ಗೆರೆಯಾಚೆಗೆ ಚಾಚಿದ ಕೈ

ಉಜ್ಜನಪ್ಪ ತೀರಿಕೊಂಡ ಸುದ್ದಿ ಬಂದ ಮಂಗಳವಾರ ಬೆಳಿಗ್ಗೆ ವಾಮದೇವಪ್ಪನವರು ಲಿಂಗಪೂಜೆಗೆ ಕೂತಿದ್ದರು. ನಡುಮನೆಯಲ್ಲಿ ಫೋನು ಮೂರು ಸಲ ಹೊಡೆದುಕೊಂಡಿತು. ಪೂಜೆಯ ನಡುವೆ ಏಳಬಾರದು ಎನ್ನುವುದು ಅವರು ನಲವತ್ತು ವರ್ಷದಿಂದ ಪಾಲಿಸಿಕೊಂಡು ಬಂದ ನಿಯಮ. ಆ ನಿಯಮ ಮಾಡಿದವರು ಯಾರೆಂದು ಕೇಳಿದರೆ, ಅವರೇ. ಸೊಸೆ ರಶ್ಮಿ ಬಾಗಿಲಲ್ಲಿ ನಿಂತು, "ಮಾವಾರೆ, ವಾಣಕ್ಕಂದು ಫೋನು. ಅಳ್ತಾ ಅದಾರೆ" ಎಂದಾಗಲೂ ಅವರು ಕಣ್ಣು ಬಿಡದೆ ಬಲಗೈಯೆತ್ತಿ ತಡೆ ಎಂದು ಸನ್ನೆ ಮಾಡಿದರು. ಇನ್ನೂ ಇಪ್ಪತ್ತು ನಿಮಿಷ ಒಂದಕ್ಷರ ತಪ್ಪದೆ ಮಂತ್ರ ಹೇಳಿದರು. ಅಳುವವರು ಇಪ್ಪತ್ತು ನಿಮಿಷ ಕಾದರೆ ಅಳುವ ಕಾರಣ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಆಗ ಅನ್ನಿಸಿದ್ದೂ ನಿಜ. ಆಮೇಲೆ ಫೋನು ಹಚ್ಚಿದರು. "ಅಪ್ಪ ಹೋದ್ರು ಕಾಕಾ" ಎಂದಳು ವಾಣಿ. ವಾಮದೇವಪ್ಪನವರ ಮನಸ್ಸಿಗೆ ಮೊದಲು ಬಂದದ್ದು, ಆಗತಾನೆ ಶಿವನೆದುರಿಂದ ಎದ್ದವನ ಮನಸ್ಸಿಗೆ ಬರಬಾರದಾಗಿದ್ದದ್ದು, 'ಅವನು ಭಾನುವಾರವೇ ಸತ್ತನಲ್ಲ' ಎಂಬ ಮಾತು. ಬಾಯಿಂದ ಹೊರಬೀಳಲಿಲ್ಲ ಎನ್ನುವುದಷ್ಟೇ ಪುಣ್ಯ.

ಭಾನುವಾರ ಸತ್ತವನು ಹೊಗೆಸಿದ್ಧ. ಉಜ್ಜನಪ್ಪನ ಮಗಳು ವಾಣಿ ದಾವಣಗೆರೆಯ ಕಾಲೇಜೊಂದರಲ್ಲಿ ಗಣಿತ ಕಲಿಸುವವಳು. ತಾನು ಓದುವಾಗ ಹಾಸ್ಟೆಲಿನಲ್ಲಿ ಆಡುತ್ತಿದ್ದ ಒಂದು ಆಟವನ್ನು, ನಿವೃತ್ತನಾಗಿ ಹರಿಹರದಲ್ಲಿ ಬೇಸರದಿಂದ ಕೂತಿದ್ದ ಅಪ್ಪನಿಗೆಂದು, ಎರಡು ವರ್ಷದ ಹಿಂದೆ ತನ್ನ ಮನೆಯ ಊಟದ ಮೇಜಿನ ಮೇಲೆ ಶುರು ಮಾಡಿದ್ದಳು. ಮೇಜಿನ ಸುತ್ತ ಕೂತು, ಇಲ್ಲದ ದೇಶದ ಇಲ್ಲದ ಜನರಾಗಿ, ಎಲ್ಲರೂ ಸೇರಿ ಒಂದು ಕಥೆ ಹೇಳುತ್ತ ಹೋಗುವ ಆಟ ಅದು. ಕಥೆ ನಡೆಸುವವಳು ವಾಣಿ. ಒಬ್ಬನು ಮಾಡಹೊರಟದ್ದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮಾಡಲು ಬರುತ್ತದೋ ಇಲ್ಲವೋ ಎಂಬುದನ್ನು ನಿಯಮದ ಪುಸ್ತಕ ಹೇಳುತ್ತದೆ. ಆ ಪುಸ್ತಕವನ್ನು ವಾಣಿಯೇ ಕನ್ನಡಕ್ಕೆ ಇಳಿಸಿ, ಝೆರಾಕ್ಸ್ ಮಾಡಿಸಿ, ಸುರುಳಿ ತಂತಿ ಹಾಕಿಸಿದ್ದಳು. ಉಜ್ಜನಪ್ಪ ಹೊಗೆಸಿದ್ಧನೆಂಬ ಮಂತ್ರವಾದಿಯಾದ. ಪಿ.ಬಿ. ರಸ್ತೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಅತೀಕ್ ಎಂದೂ ಗುರಿ ಮುಟ್ಟದ ಬಿಲ್ಲುಗಾರನಾದ. ಐವತ್ತು ವರ್ಷದ ಗೆಳೆಯನ ಬಲವಂತಕ್ಕೆ ಬಂದ ವಾಮದೇವಪ್ಪನವರು, ಜನ್ಮದಲ್ಲಿ ಒಂದು ಕೋಲನ್ನೂ ಎತ್ತದವರು, ಪ್ರಚಂಡಖಡ್ಗನೆಂಬ ಕತ್ತಿವೀರರಾದರು.

ಕತ್ತಿಗಿಂತ ಅವರಿಗೆ ಹಿಡಿಸಿದ್ದು ಪುಸ್ತಕ. ಕೋರ್ಟಿನಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ಹೊರಬಂದ ಮೂವತ್ತಾರು ವರ್ಷ ಅವರು ಮಾಡಿದ ಕೆಲಸವೆಂದರೆ, ಬಂದ ಕಾಗದದಲ್ಲಿ ಏನು ಕೊರತೆ ಇದೆ ಎಂದು ಹುಡುಕುವುದು. ಸಹಿ ಇಲ್ಲ, ತಾರೀಖು ಇಲ್ಲ, ಅಂಚು ಬಿಟ್ಟಿಲ್ಲ, ಒಂದು ಪ್ರತಿ ಕಡಿಮೆ. ಆಕ್ಷೇಪಣೆ ಬರೆದು ಹಿಂದಕ್ಕೆ ಕಳಿಸುವುದು. ನ್ಯಾಯ ಹೇಳುವವರು ಮೇಲೆ ಕೂತಿರುತ್ತಿದ್ದರು; ಇವರು ಕೆಳಗೆ. ಎಂಥೆಂಥವರೋ ಬಂದು ಆ ಕುರ್ಚಿಯಲ್ಲಿ ಕೂತು ಎದ್ದು ಹೋದರು, ಇವರಿಗೆ ಮಾತ್ರ ಒಂದು ದಿನ ಒಂದು ಮಾತು ತೀರ್ಪೆಂದು ಹೇಳುವ ಯೋಗ ಬರಲಿಲ್ಲ. ಹೀಗಿರುವಾಗ ಮೂರನೆಯ ವಾರ ಅತೀಕನಿಗೂ ಉಜ್ಜನಪ್ಪನಿಗೂ ಒಂದು ಮಂತ್ರದ ವಿಷಯಕ್ಕೆ ತಕರಾರು ಬಂದು, "ನಿಯಮದ ಮಾತು ಕಾಕಾನೇ ಹೇಳ್ಲಿ, ನಾವೆಲ್ಲಾ ಕೇಳಾಣ" ಎಂದು ವಾಣಿ ಅಂದುಬಿಟ್ಟಳು. ಅಂದಿನಿಂದ ವಾಮದೇವಪ್ಪನವರು ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರತೊಡಗಿದರು. ಕೆಂಪು ಪೆನ್ಸಿಲು ತಂದರು. ಹಿಂದಿನ ತೀರ್ಮಾನಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟರು. ಕಡತಕ್ಕೆ ದಾರ ಕಟ್ಟಿದರು. ಕುರ್ಚಿಯ ಕಾಲು ಅಲುಗಾಡುತ್ತದೆಂದು ಹೇಳಿ ಕೈಯಿರುವ ಕುರ್ಚಿ ಕೇಳಿ ಹಾಕಿಸಿಕೊಂಡರು.

ಆ ಭಾನುವಾರ ಕಥೆ ಒಂದು ಗುಹೆಯೊಳಗೆ ಬಂದು ನಿಂತಿತ್ತು. ಬೆಂಕಿಯುಗುಳುವ ಹಾವೊಂದು ಹೆಡೆಯೆತ್ತಿತ್ತು. ಹೊಗೆಸಿದ್ಧ ನೆಲದ ಮೇಲೆ ದುಂಡಗೆ ಗೆರೆ ಎಳೆದು ರಕ್ಷಾಮಂಡಲವೆಂಬ ಮಂತ್ರ ಹಾಕಿದ್ದ. ಒಳಗೆ ಅವನೂ ಬಿಲ್ಲುಗಾರನೂ ಕ್ಷೇಮ. ಯಾರ ಮಾತೂ ಕೇಳದೆ ಮುಂದೆ ನುಗ್ಗಿದ್ದ ಪ್ರಚಂಡಖಡ್ಗ ಗಾಯಗೊಂಡು ಗೆರೆಯಿಂದ ಎರಡು ಮಾರು ಆಚೆ ಬಿದ್ದಿದ್ದ.

"ತೆವಳ್ಕಂತ ಗೆರೆ ಹತ್ರ ಬಾರೋ. ನಾನು ಒಳಗಿಂದನೇ ಕೈ ಚಾಚಿ ರಟ್ಟೆ ಹಿಡಿದು ಎಳ್ಕಂತೀನಿ" ಎಂದ ಉಜ್ಜನಪ್ಪ, ಮೇಜಿನ ಮೇಲೆ ನಿಜವಾಗಿ ಕೈ ಚಾಚಿ.

"ತಡಿ" ಎಂದರು ವಾಮದೇವಪ್ಪನವರು. ಕನ್ನಡಕ ಏರಿಸಿ ಎಪ್ಪತ್ತೊಂದನೇ ಪುಟ ತೆಗೆದರು. "ಮಂತ್ರ ಹಾಕಿದವನು ಗೆರೆ ದಾಟಿದರೆ ಮಂಡಲ ಮುರಿಯುತ್ತದೆ. ಬರೆದೈತೆ."

"ಕೈ ದಾಟಿದ್ರೆ ಆಳು ದಾಟಿದಂಗೇನೋ?"

"ಕೈ ನಿಂದಲ್ಲೇನು? ಬ್ಯಾರೇರದ್ದಾ?"

ಅತೀಕ್ ನಡುವೆ ಬಾಯಿ ಹಾಕಿದ. "ಸಾಹೇಬ್ರೆ, ನಾನು ಅಂಗಡಿ ಒಳಗೆ ಕೂತ್ಕಂಡು ಹೊರಗೆ ಕೈ ಚಾಚಿ ಚಾ ಇಸ್ಕಂತೀನಿ. ಹಂಗಂತ ನಾನು ರೋಡಿನಾಗೆ ಅದೀನಿ ಅಂತೀರೇನ್ರಿ?"

"ನಿನ್ನ ಅಂಗಡಿ ಕಟ್ಟೆ ಒಂದು ಗೇಣು ರೋಡಿಗೆ ಬರ್ಲಿ ನೋಡಾಣ. ಅಳತೆಗೆ ಬಂದೋರು ಕಟ್ಟೆ ಅಂತಾರೋ ಒತ್ತುವರಿ ಅಂತಾರೋ?"

"ಲೇ ವಾಮಾ, ನಾನು ಎಳೀತಿರೋದು ನಿನ್ನನ್ನ ಕಣೋ!" ಎಂದು ಉಜ್ಜನಪ್ಪ ನಕ್ಕ. ಎಲ್ಲರೂ ನಕ್ಕರು.

"ಅದಕ್ಕೇನೇ. ನನಗೇ ಲಾಭ ಆಗೋ ವಿಷಯ ಅಂದ್ಮ್ಯಾಲೆ ನಾನು ಇನ್ನೂ ಬಿಗಿಯಾಗಿರ್ಬೇಕಾಗ್ತೈತೆ."

ಈ ಮಾತು ಹೇಳಿದ ಮೇಲೆ ಅವರಿಗೆ ಸ್ವತಃ ತಮ್ಮ ಮೇಲೆ ಗೌರವ ಉಕ್ಕಿ ಬಂದಿತ್ತು. ಸೋಮವಾರ ಹಲ್ಲುಜ್ಜುವಾಗ, ತರಕಾರಿ ಕೊಳ್ಳುವಾಗ, ಆ ವಾಕ್ಯವನ್ನು ಒಳಗೇ ಎರಡು ಮೂರು ಸಲ ಹೇಳಿಕೊಂಡಿದ್ದರು. ಅಂದು ಮೇಜಿನಲ್ಲಿ ವಾಣಿ ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾಗಿದ್ದಳು. ಕೈ ಆಗಲೇ ಚಾಚಿಯಾಗಿತ್ತು, ಮಂಡಲ ಮುರಿಯಿತು. ಹೊಗೆಸಿದ್ಧ ಬೆಂಕಿಯಲ್ಲಿ ಬೆಂದುಹೋದ. ಬಿಲ್ಲುಗಾರ ಓಡಿದ. ಪ್ರಚಂಡಖಡ್ಗನ ಪಾಲಿಗೆ ದಾಳದಲ್ಲಿ ಹದಿನೇಳು ಬಿದ್ದು, ಹಾವು ಅವನನ್ನು ಹೆಣವೆಂದು ಬಿಟ್ಟು ಹೋಯಿತು, ಬದುಕಿಕೊಂಡ. "ಎರಡು ವರ್ಷ ಸಾಕಿದ ಮಂತ್ರವಾದಿ ರೀ" ಎಂದು ಅತೀಕ್ ಗೊಣಗಿದ. ಉಜ್ಜನಪ್ಪ ಹೊಗೆಸಿದ್ಧನ ವಿವರ ಬರೆದಿದ್ದ ಹಾಳೆಯನ್ನು ಒಂದು ಗಳಿಗೆ ನೋಡಿ, ನಾಲ್ಕು ಮಡಿಕೆ ಮಡಚಿ, ಅಂಗಿಯ ಜೇಬಿಗಿಟ್ಟು, "ಆಯ್ತು ಬಿಡು, ಹೇಳಿದ್ದು ಹೇಳಿದಂಗೇ. ವಾಣೀ, ಚಾ ಇಡವ್ವ" ಅಂದ. ಬಸ್ ಸ್ಟ್ಯಾಂಡಿನಲ್ಲಿ ಕೆಮ್ಮುತ್ತ, "ಮುಂದಿನ ವಾರ ಹೊಸಾ ಆಳು ಮಾಡ್ಕಂತೀನಿ. ಕಂಬಳಿ ಹೊದ್ದ ಮುದುಕಿ ಮಾಡ್ಲೇನೋ?" ಎಂದು ಕೇಳಿದ. ಇವರು ಅದಕ್ಕೆ, ಹೊಸ ಆಳಿನ ವಿವರ ತುಂಬುವಾಗ ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು ಎಂದು ತಿಳಿಹೇಳಿ ಬಸ್ಸು ಹತ್ತಿಸಿದ್ದರು. ಅವನೊಡನೆ ಆಡಿದ ಕೊನೆಯ ಮಾತು ಕಾಲಮ್ಮಿನದು.

ಈಗ ಹರಿಹರದ ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಸುಗಂಧರಾಜದ ದಪ್ಪ ಹಾರ. ಎದೆಯ ಜೇಬಿನಲ್ಲಿ ಎರಡು ಪುಟದ ಕಾಗದ. ಸುದ್ದಿ ಕೇಳಿದ ಕೂಡಲೇ ಹೊರಡುವುದು ಬಿಟ್ಟು, ರಶ್ಮಿ ಧೋತರಕ್ಕೆ ಇಸ್ತ್ರಿ ಹಾಕುವಷ್ಟರಲ್ಲಿ, ಅವರು ಕೂತು ಅದನ್ನು ಬರೆದಿದ್ದರು. ರಕ್ಷಾಮಂಡಲದ ಬಗ್ಗೆ ಹೊರಡಿಸಿದ ತೀರ್ಮಾನವನ್ನು ಮರುಪರಿಶೀಲಿಸಲಾಗಿದೆ; ಹೊಗೆಸಿದ್ಧನು ಕೈಯನ್ನು ಹೊರಚಾಚಿದ್ದು ಸ್ವಾರ್ಥದಿಂದಲ್ಲವಾದ್ದರಿಂದ, ನಿಯಮಕ್ಕೆ ಧಕ್ಕೆಯಾಗದಂತೆ, ಕೇವಲ ಕರುಣೆಯ ಮೇರೆಗೆ, ಸದರಿಯವನನ್ನು ಬದುಕಿದ್ದಾನೆಂದು ಭಾವಿಸತಕ್ಕದ್ದು. ಕೆಳಗೆ ಸಹಿ. ಸಹಿಯ ಕೆಳಗೆ ತಾರೀಖು ಹಾಕುವಾಗ ಪೆನ್ನು ನಿಂತಿತು. ಮಂಗಳವಾರದ ತಾರೀಖು ಹಾಕಿದರೆ, ಸತ್ತವನಿಗೆ ಸತ್ತ ಮೇಲೆ ಜೀವ ಕೊಟ್ಟಂತಾಗುತ್ತದೆ. ಎಷ್ಟು ಜನರ ಕಾಗದಗಳನ್ನು ತಾರೀಖಿನ ದೋಷಕ್ಕೆ ಹಿಂದಿರುಗಿಸಿದ್ದರೋ ಆ ಕೈಯೇ ಭಾನುವಾರದ ತಾರೀಖು ಬರೆಯಿತು. ಮೂವತ್ತಾರು ವರ್ಷದಲ್ಲಿ ಮಾಡದ್ದನ್ನು ಮಾಡಿದೆ ಎಂದು ಬೆವರಿದರು. ಈ ಕಾಗದವನ್ನು ಮಣ್ಣಾಗುವುದರೊಳಗೆ ವಾಣಿ ಒಪ್ಪಿಕೊಳ್ಳಬೇಕು, ಆಟ ನಡೆಸುವವಳು ಅವಳು, ಅವಳು ಹೂಂ ಅಂದರೆ ಹೊಗೆಸಿದ್ಧ ಬದುಕಿದಂತೆ, ಉಜ್ಜನಪ್ಪ ಸೋತವನಾಗಿ ಹೋಗಲಿಲ್ಲ ಎಂದಂತೆ. ಇದಕ್ಕಿಂತ ಹುಚ್ಚಾದದ್ದು ಇನ್ನೊಂದಿಲ್ಲ ಎಂದು ಅವರಿಗೂ ಗೊತ್ತಿತ್ತು. ಹುಚ್ಚೆಂದು ಗೊತ್ತಿದ್ದರೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಅಜ್ಜಾರೆ, ಹಾರ ಒಂಚೂರು ಒಳಗೆ ಎಳ್ಕಳ್ರಿ, ನಿಂತೋರಿಗೆ ತಾಗ್ತೈತೆ" ಎಂದ ಕಂಡಕ್ಟರು. ದಾರಿಯಲ್ಲಿ ಬರುವ ಬಾತಿ ಎಂಬ ಊರು ದಾಟುವವರೆಗೂ ಹಾರದ ಯಾವ ಭಾಗ ತಮ್ಮ ಸೀಟಿನ ಹೊರಗಿದೆ ಎಂದು ನೋಡುತ್ತ ಕೂತರು.

ಹರಿಹರದ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಒಳಗೆ ಉಜ್ಜನಪ್ಪನನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆ, ತೋಳು, ಎದೆಯ ತುಂಬ ವಿಭೂತಿ. ಗಂಭೀರವಾಗಿ ಕೂತಿದ್ದ, ಬದುಕಿದ್ದಾಗ ಹೀಗೆ ಎರಡು ನಿಮಿಷ ಅಲುಗದೆ ಕೂತವನಲ್ಲ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಹಾಗೇ ಪಕ್ಕಕ್ಕೆ ವಾಲಿದನಂತೆ. ಎದೆಯ ತೊಂದರೆ ಆರು ತಿಂಗಳಿಂದ ಇತ್ತು, ಡಾಕ್ಟರು ಮೊದಲೇ ಹೇಳಿದ್ದರು ಎಂದು ಯಾರೋ ಇನ್ಯಾರಿಗೋ ಹೇಳುತ್ತಿದ್ದರು. ವಾಮದೇವಪ್ಪನವರಿಗೆ ಆ ಮಾತು ಸಮಾಧಾನ ತರಬೇಕಿತ್ತು. ತಂದಿತು ಕೂಡ. ಸಮಾಧಾನದ ಬೆನ್ನಿಗೇ, ತಮ್ಮ ತೀರ್ಮಾನಕ್ಕೆ ಒಬ್ಬ ಮನುಷ್ಯನ ಎದೆಯನ್ನು ಒಡೆಯುವಷ್ಟು ತೂಕ ಇರಲಿಲ್ಲ ಎಂಬ ಸಣ್ಣ ಅವಮಾನವೂ ಆಯಿತು. ಹೀಗೂ ಅನ್ನಿಸುತ್ತದೆಯೇ ಮನುಷ್ಯನಿಗೆ ಎಂದು ಅವರು ಹೆದರಿ, ಹಾರ ಹಾಕಿ, ಪಾದ ಮುಟ್ಟಿ ಹಿಂದೆ ಸರಿದರು.

ಉಜ್ಜನಪ್ಪನ ಹೆಂಡತಿ ಬಸವಣ್ಣೆಮ್ಮ ತಲೆಯೆತ್ತಿ ನೋಡಿದಳು. "ಬಂದ್ರಾ ಅಣ್ಣಾರೆ. ಭಾನುವಾರ ನಿಮ್ಮ ಜತಿಗೇ ಇದ್ರಲ್ಲ. ಏನಾರ ಅಂದ್ರಾ? ಮನಸ್ಸಿಗೆ ಏನಾರ ಹಚ್ಕಂಡಿದ್ರಾ?"

ಇದೇ ಪ್ರಶ್ನೆಗಾಗಿ ಅವರು ದಾವಣಗೆರೆಯಿಂದ ಕಾದಿದ್ದರು. ಹೌದು, ನಾನು ಅವನನ್ನು ನಾಲ್ಕು ಜನರ ಎದುರು ಸೋಲಿಸಿದೆ ಅನ್ನಬೇಕಿತ್ತು. "ಇಲ್ಲ ತಂಗೀ, ನಗ್ತಾನೇ ಇದ್ದ" ಎಂದರು. ಅದೂ ಸುಳ್ಳಲ್ಲ. ಸುಳ್ಳಲ್ಲದ ಮಾತನ್ನೇ ಆರಿಸಿ ಹೇಳುವುದು ಅವರಿಗೆ ಕೆಲಸದಲ್ಲಿ ರೂಢಿಯಾಗಿತ್ತು.

ಹೊರಗೆ ಶಾಮಿಯಾನದ ಕೆಳಗೆ ಭಾನುವಳ್ಳಿಯ ಸಣ್ಣಬೀರಪ್ಪ ಪಕ್ಕದ ಕುರ್ಚಿಗೆ ಬಂದು ಕೂತ. ಉಜ್ಜನಪ್ಪ ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಅವನ ಕೈಕೆಳಗೆ ಕಲಿತು, ಈಗ ಬೋರ್ಡು ಬರೆಯುವವನು. "ಮೇಷ್ಟ್ರು ದೇವ್ರಂತೋರು ಸಾರ್" ಎಂದು ಶುರುಮಾಡಿ, ದನಿ ತಗ್ಗಿಸಿ, "ಆದ್ರೆ ಕೊನೀಗೆ ಅದ್ಯಾಕೋ ಭಾನುವಾರ ಭಾನುವಾರ ದಾವಣಗೆರೆಗೋಗಿ ದಾಳ ಆಡೋ ಚಟ ಹತ್ತಿತ್ತಂತಲ್ರಿ. ಯಾವನೋ ಕೋರ್ಟಿನೋನು ಹಚ್ಚಿದ್ನಂತೆ" ಎಂದ.

"ಜೂಜಲ್ಲ ಅದು" ಎಂದರು ವಾಮದೇವಪ್ಪನವರು.

"ಮತ್ತೇನ್ರಿ?"

ಏನೆಂದು ಹೇಳುವುದು? ಮಂತ್ರವಾದಿ, ಬೆಂಕಿ ಹಾವು, ಗೆರೆ, ಕೈ? ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, ಅರವತ್ತೊಂಬತ್ತರ ವಯಸ್ಸಿನಲ್ಲಿ, ಇಲ್ಲದ ಗುಹೆಯ ಇಲ್ಲದ ಗೆರೆಯನ್ನು ಇಲ್ಲದ ಕೈ ದಾಟಿತೆಂದು ತೀರ್ಪು ಕೊಟ್ಟದ್ದು? "ಕಥೆ ಹೇಳೋದು" ಎಂದರು.

"ಕಥೆ ಹೇಳಾಕೆ ದಾಳ ಯಾಕ ಸಾರ್ ಬೇಕು?" ಎಂದು ಸಣ್ಣಬೀರಪ್ಪ ಎಲ್ಲ ತಿಳಿದವನಂತೆ ಕುರ್ಚಿಗೆ ಒರಗಿದ. ವಾಮದೇವಪ್ಪನವರು ಎದ್ದರು. ಗೆಳೆಯನ ಮಾನ ಉಳಿಸಲು ಇನ್ನೆರಡು ಮಾತು ಆಡಬಹುದಿತ್ತು. ಆಡಿದರೆ ಆ ಕೋರ್ಟಿನವನು ತಾನೇ ಎಂದು ಗೊತ್ತಾಗುತ್ತಿತ್ತು.

ವಾಣಿ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ಅತ್ತು ಮುಗಿದ ಮುಖ. ಬಾಗಿಲ ಬಳಿ ಅತೀಕ್ ಬಿಲ್ವಪತ್ರೆಯ ಬುಟ್ಟಿಗೆ ನೀರು ಚಿಮುಕಿಸುತ್ತಿದ್ದ. ಬೆಳಿಗ್ಗೆ ಅವಳ ಫೋನನ್ನು ಮೊದಲ ರಿಂಗಿಗೇ ಎತ್ತಿ, ಅಂಗಡಿ ಬಾಗಿಲು ಹಾಕಿ, ಇವರಿಗಿಂತ ಎರಡು ತಾಸು ಮೊದಲೇ ಬಂದಿದ್ದ. ವಾಮದೇವಪ್ಪನವರು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡರು. ಕಾಗದ ತೆಗೆದು ಕೊಟ್ಟರು. "ಇದನ್ನೊಂದು ನೋಡವ್ವ. ಎತ್ತೋದ್ರೊಳಗೆ ನೋಡಿದ್ರೆ ಒಳ್ಳೇದು."

ಅವಳು ಮೊದಲು ಅದನ್ನು ಆಸ್ಪತ್ರೆಯದೋ ಬ್ಯಾಂಕಿನದೋ ಕಾಗದವೆಂದು ತಿಳಿದು ಓದಿದಳು. ಮುಖ ಗಂಟಾಯಿತು. ಮತ್ತೆ ಮೊದಲಿಂದ ಓದಿದಳು. ಕಾಗದದ ಮೇಲೆ ನೆಟ್ಟ ಕಣ್ಣನ್ನು ಕೀಳದೆಯೇ, "ಭಾನುವಾರದ ತಾರೀಖು ಹಾಕೀರಿ ಕಾಕಾ" ಎಂದಳು.

ಅವರು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸತೊಡಗಿದರು.

"ಕರುಣೆ ಮೇರೆಗೆ ಅಂತ ಬರ್ದೀರಿ."

"ನಿಯಮದ ಪ್ರಕಾರ ಆಗಂಗಿಲ್ಲಲ್ಲವ್ವ. ಅದಕ್ಕೇ..."

ವಾಣಿ ಎದ್ದು ಒಳಗೆ ಹೋಗಿ ಒಂದು ರಟ್ಟಿನ ಕಡತ ತಂದಳು. ಪುಸ್ತಕದ ಕೊನೆಗೆ ಸೇರಿಸಬೇಕೆಂದು ಅವಳು ಹೊಸದಾಗಿ ಕನ್ನಡಕ್ಕೆ ಇಳಿಸಿದ್ದ ಹಾಳೆಗಳು. ಸಂದೇಹ ಬರುವ ಮಂತ್ರಗಳಿಗೆ ಒಂದೊಂದು ಉದಾಹರಣೆ, ಒಂದೊಂದಕ್ಕೂ ಅಪ್ಪ ಬರೆದ ಒಂದೊಂದು ಚಿತ್ರ. ಇನ್ನೂ ತಂತಿ ಹಾಕಿಸಿರಲಿಲ್ಲ. ಆರನೆಯ ಹಾಳೆಯಲ್ಲಿ ದುಂಡನೆಯ ಗೆರೆಯೊಳಗೆ ಎರಡೂ ಕಾಲೂರಿ ಒಬ್ಬ ಗಡ್ಡದವನು ನಿಂತಿದ್ದ. ಭುಜದವರೆಗೂ ತೋಳು ಗೆರೆಯ ಹೊರಗಿತ್ತು. ಆ ತೋಳು ಕತ್ತಿ ಹಿಡಿದ ಒಬ್ಬನನ್ನು ರಟ್ಟೆ ಹಿಡಿದು ಎಳೆಯುತ್ತಿತ್ತು. ಕತ್ತಿಯವನ ಮೂಗಿನ ಮೇಲೆ ಕನ್ನಡಕ. ಕೆಳಗೆ ವಾಣಿಯ ಅಕ್ಷರ: ಮಂತ್ರವಾದಿಯ ಕಾಲು ಗೆರೆಯೊಳಗೆ ಇರುವವರೆಗೆ ಅವನು ದಾಟಿದಂತಲ್ಲ, ಮಂಡಲ ಮುರಿಯುವುದಿಲ್ಲ. ಚಿತ್ರದ ಮೂಲೆಯಲ್ಲಿ ಉಜ್ಜನಪ್ಪನ ಸಹಿಯೂ ತಾರೀಖೂ ಇದ್ದವು. ಮೂರು ವಾರದ ಹಿಂದಿನದು.

"ಅವನಿಗೆ ಗೊತ್ತಿತ್ತಾ?" ಎಂದರು ವಾಮದೇವಪ್ಪನವರು.

"ಚಿತ್ರ ಬರ್ದೋರೇ ಅವ್ರಲ್ವಾ ಕಾಕಾ. ನನಗೂ ಗೊತ್ತಿತ್ತು. ಹೇಳಾಣ ಅಂತ ಬಾಯಿ ತೆಗದೆ, ಮೇಜಿನ ಕೆಳಗೆ ಅಪ್ಪ ನನ್ನ ಕಾಲು ತುಳಿದ್ರು. ಜೋರಾಗೇ ತುಳಿದ್ರು, ಉಗುರು ಕಪ್ಪಾಗೈತೆ ನೋಡ್ರಿ." ಅವಳು ಕಾಲು ಮುಂದೆ ಚಾಚಿ ತೋರಿಸಿದಳು. "ರಾತ್ರಿ ಫೋನ್ ಮಾಡಿ, ಯಾಕಪ್ಪ ಅಂತ ಬೈದೆ. 'ಇರ್ಲಿ ಬಿಡವ್ವ, ಅವ್ನು ಆಗ್ಲೇ ತೀರ್ಪು ಹೇಳಿಬಿಟ್ಟಿದ್ದ. ನಾಕು ಜನದ ಮುಂದೆ ತಪ್ಪು ಅಂದ್ರೆ ಅವ್ನು ಮುಂದಿನ ವಾರದಿಂದ ಬರಂಗಿಲ್ಲ. ಮಂತ್ರವಾದಿ ಇನ್ನೊಬ್ಬನ್ನ ಮಾಡ್ಕಂಡ್ರಾತು, ವಾಮ ಇನ್ನೊಬ್ಬ ಎಲ್ಲಿ ಸಿಗ್ತಾನೆ' ಅಂದ್ರು."

ಬಾಗಿಲ ಬಳಿ ನೀರು ಚಿಮುಕಿಸುತ್ತಿದ್ದ ಸದ್ದು ನಿಂತಿತ್ತು. ಅತೀಕ್ ಬುಟ್ಟಿಯನ್ನೇ ನೋಡುತ್ತ ನಿಂತಿದ್ದ. ಅವನಿಗೂ ಗೊತ್ತಿತ್ತೋ ಇಲ್ಲವೋ ಕೇಳುವ ಧೈರ್ಯ ವಾಮದೇವಪ್ಪನವರಿಗೆ ಬರಲಿಲ್ಲ. ಅವರು ಮನಸ್ಸಿನಲ್ಲೇ ತಮ್ಮ ಕೈಯಿರುವ ಕುರ್ಚಿಯನ್ನು ಕಂಡರು, ದಾರ ಕಟ್ಟಿದ ಕಡತವನ್ನು ಕಂಡರು, ಎರಡು ವರ್ಷ ಮೂರು ಜನ ಸೇರಿ ಒಬ್ಬ ಮುದುಕನಿಗೆ ಭಾನುವಾರಕ್ಕೊಂದು ನ್ಯಾಯಪೀಠ ಹಾಕಿಕೊಟ್ಟು, ಅವನ ಮುಖ ಬಾಡದಂತೆ ನೋಡಿಕೊಂಡದ್ದನ್ನು ಕಂಡರು. ಸೋಲಿಸಿದೆ ಎಂದು ಎರಡು ದಿನ ಹೆಮ್ಮೆಪಟ್ಟು, ಸೋಲಿಸಿದೆ ಎಂದು ಬೆಳಿಗ್ಗೆಯಿಂದ ಸಂಕಟಪಟ್ಟು, ಕೊನೆಗೆ ಅವನದೇ ಆದದ್ದನ್ನು ಅವನಿಗೆ ಭಿಕ್ಷೆಯೆಂದು ಬರೆದು ಜೇಬಿನಲ್ಲಿಟ್ಟು ತಂದಿದ್ದರು. ಸಿಟ್ಟು ಬಂತು. ಹೇಳಬಹುದಿತ್ತಲ್ಲ ಮುಠ್ಠಾಳ, ತಪ್ಪು ಅನ್ನಬಹುದಿತ್ತಲ್ಲ, ನಾನೇನು ಬರದೇ ಇರುತ್ತಿದ್ದೆನೇ? ಇರುತ್ತಿದ್ದೆ. ಖಂಡಿತ ಬರುತ್ತಿರಲಿಲ್ಲ. ತಂಗಿಯ ಮದುವೆಯಲ್ಲಿ ಪಂಕ್ತಿಯ ವಿಷಯಕ್ಕೆ ಯಾರೋ ಒಂದು ಮಾತು ಅಂದರೆಂದು ಹನ್ನೊಂದು ವರ್ಷ ಆ ಮನೆಯ ಹೊಸಲು ತುಳಿಯದವನು ನಾನು.

"ಅದನ್ನ ಇಲ್ಲಿ ಕೊಡವ್ವ" ಎಂದರು. ವಾಣಿ ಕಾಗದ ಹಿಂದೆ ಕೊಟ್ಟಳು. ಅವರು ಅದನ್ನು ಎರಡಾಗಿ, ನಾಲ್ಕಾಗಿ ಹರಿದರು. ಎಲ್ಲಿ ಹಾಕುವುದೆಂದು ತೋಚದೆ ಮುಠ್ಠಿಯಲ್ಲಿ ಹಿಡಿದು ನಿಂತಿದ್ದಾಗ ಅತೀಕ್ ಬಂದು, ಏನೂ ಕೇಳದೆ, ಚೂರುಗಳನ್ನು ಇಸಿದುಕೊಂಡು ಕಸದ ಬುಟ್ಟಿಗೆ ಹಾಕಿ ಬಂದ. "ಬರ್ರಿ ಸಾಹೇಬ್ರೆ, ಎತ್ತಾಕತ್ತಾರೆ. ನಿಮ್ಮನ್ನ ಕೇಳಿದ್ರು" ಎಂದ.

ಹೂವಿನ ವಿಮಾನದಲ್ಲಿ ಕೂರಿಸಿ, ಭಜನೆ ಹೇಳುತ್ತ, ಉಜ್ಜನಪ್ಪನನ್ನು ರುದ್ರಭೂಮಿಗೆ ತಂದರು. ಶಾಮಿಯಾನದಿಂದ ಹೊರಡುವಾಗಲೇ ವಾಮದೇವಪ್ಪನವರು ಸಣ್ಣಬೀರಪ್ಪನ ಹತ್ತಿರ ಹೋಗಿ, "ಆ ಕೋರ್ಟಿನೋನು ನಾನೇ ಕಣಪ್ಪ. ಅದು ಜೂಜಲ್ಲ. ನಿಮ್ಮ ಮೇಷ್ಟ್ರು ಅದರಾಗೂ ಯಾರನ್ನೂ ಸೋಲಿಸ್ಲಿಲ್ಲ" ಎಂದಿದ್ದರು. ಅವನು ಏನು ತಿಳಿದನೋ, ತಲೆ ಅಲ್ಲಾಡಿಸಿದ. ಬಿಸಿಲು ನೆತ್ತಿಯಿಂದ ಇಳಿದಿತ್ತು. ಅಯ್ಯನವರು ಮಂತ್ರ ಹೇಳುತ್ತಿದ್ದಂತೆ ಗುಂಡಿಯೊಳಗಿನ ಗೂಡಿನಲ್ಲಿ ಅವನನ್ನು ಕೂರಿಸಿದರು, ಎಡ ಅಂಗೈಯಲ್ಲಿ ಲಿಂಗವಿಟ್ಟರು. ಒಬ್ಬೊಬ್ಬರಾಗಿ ಬಂದು ಪತ್ರೆ, ವಿಭೂತಿ ಹಾಕತೊಡಗಿದರು. ವಾಮದೇವಪ್ಪನವರ ಸರದಿ ಬಂತು. ಪ್ರಾರ್ಥಿಸಲು ಹೋದರೆ ಒಳಗೆ ಎದ್ದದ್ದು 'ಸದರಿಯವನು', 'ಮಾನ್ಯರಲ್ಲಿ ವಿನಂತಿ'. ನಲವತ್ತು ವರ್ಷ ತಪ್ಪದೆ ಪೂಜೆ ಮಾಡಿಯೂ ಶಿವನೊಡನೆ ಮಾತಾಡಲು ತನಗೆ ಅರ್ಜಿಯ ಭಾಷೆ ಬಿಟ್ಟು ಬೇರೆ ಬರುವುದಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಹಿಂದಿದ್ದವರು ಕಾದಿದ್ದರು. ಪತ್ರೆ ಕೈಯಲ್ಲೇ ಇತ್ತು. ಆಗ ತುಟಿ ತಾನಾಗಿ ಅಲುಗಿತು.

ಶಿವನೇ, ಇವನು ನನ್ನ ಗೆಳೆಯ ಉಜ್ಜನಪ್ಪ. ಪೂಜೆಗೆ ಸರಿಯಾಗಿ ಕೂತವನಲ್ಲ, ಮಂತ್ರ ಅರ್ಧ ಮರೆಯುತ್ತಿದ್ದ, ಸೋಮವಾರದ ಒಪ್ಪತ್ತು ಮುರಿದು ಮಿರ್ಚಿ ತಿನ್ನುತ್ತಿದ್ದ. ಅವನಲ್ಲಿ ಏನು ಕೊರತೆ ಕಂಡರೂ ಹಿಂದಕ್ಕೆ ಕಳಿಸಬೇಡ. ಅವನನ್ನು ನಾನು ನೋಡಿದ ಹಾಗೆ ನೋಡಬೇಡ, ಅವನು ನನ್ನನ್ನು ನೋಡಿದ ಹಾಗೆ ನೋಡು. ಆ ಜೀವ ದಣಿದಿದೆ. ನಿನ್ನ ಹತ್ತಿರ ಕೂರಿಸಿಕೋ, ಶಾಂತಿ ಕೊಡು.